ತೀರ್ಥಹಳ್ಳಿಗೆ ಹೋಗಿಬಂದಷ್ಟು ದೂರ

ಅಮ್ಮ ಮೊದಲ ಸಲ ಅಕ್ಕನ ಮನೆಗೆ ಹೊರಟಾಗ ಕೇಳಿದ್ದು, "ಎಷ್ಟು ದೂರ ಮಾರಾಯ?" ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ, ಹತ್ತಿರ ಹತ್ತಿರ 14,000 ಕಿಲೋಮೀಟರ್ ಅಂದೆ. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಹದಿನಾರು ಗಂಟೆ ಅಂದಮೇಲೆ ಲೆಕ್ಕ ಸಿಕ್ಕಿತು. "ರಾತ್ರಿ ಬಸ್ಸಲ್ಲಿ ತೀರ್ಥಹಳ್ಳಿಗೆ ಹೋಗಿ ಮಾರನೇ ರಾತ್ರಿ ವಾಪಸ್ ಬಂದಷ್ಟು. ಅಷ್ಟೇ ತಾನೇ?"

ಅವಳು ಬೆಳೆದ ಊರಿನ ಅಳತೆಯೇ ಹಾಗೆ. ಆಚೆಮನೆ ಕೂಗಳತೆಯಲ್ಲಿ, ಕೂಗುವವನ ಗಂಟಲು ಹೇಗಿದೆಯೋ ಅಷ್ಟು ದೂರ. ಅದರಾಚೆ ಹರದಾರಿ, ಪುಸ್ತಕದಲ್ಲಿ ಮೂರು ಮೈಲಿ. ಏರುದಾರಿಯಲ್ಲಿ ಅದೂ ಬೆಳೆಯುತ್ತದೆ.

ನನಗೆ ಮಾತ್ರ ದಾರಿ ತೋರಿಸುವ ಚಪಲ. ಮಗಳ ಗ್ಲೋಬ್ ತಂದೆ, ಅಮ್ಮನ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ಎರಡೂ ಊರಿನ ಮೇಲೆ ಬೆರಳಿಟ್ಟು ಎಳೆದೆ. ಪೆಸಿಫಿಕ್ ಮೇಲೆ ಹಾಯಿಸಿದ್ದ ದಾರ ಬಿಗಿಯಾದಂತೆಲ್ಲ ಮೇಲಕ್ಕೆ ಜಾರಿ ಉತ್ತರ ಧ್ರುವದ ಪಕ್ಕ ಹೋಗಿ ನಿಂತಿತು. ರೇಖಾಂಶದಲ್ಲಿ ಈ ಊರುಗಳ ನಡುವೆ 160 ಡಿಗ್ರಿ. ಒಂದು ಈ ಕೆನ್ನೆ, ಇನ್ನೊಂದು ಆ ಕೆನ್ನೆ. ನೆತ್ತಿ ಹತ್ತಿ ಇಳಿಯುವುದೇ ಹತ್ತಿರದ ದಾರಿ. ಹಾಗಂತ ಗಾಳಿ ಬಿಡಬೇಕಲ್ಲ? ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತಿರುತ್ತದೆ. ಅದನ್ನು ಬೆನ್ನಿಗೆ ಹಾಕಿಕೊಳ್ಳಲು ಇಲ್ಲಿಂದ ಹೋಗುವಾಗ ಪೆಸಿಫಿಕ್ ಮೇಲೆ ಬಳಸಿ ಹೋಗುವುದೂ ಉಂಟು.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಧ್ರುವದ ದಾರಿಯಲ್ಲಿ ಬೆಂಗಳೂರಿಗೆ ತಂದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಗಾರ್ತಿಯರು. ಕಾಕ್‌ಪಿಟ್‌ನಲ್ಲಿ ನಾಲ್ವರೂ ಹೆಂಗಸರೇ. 9ರ ರಾತ್ರಿ ಹೊರಟು 11ರ ನಸುಕಿಗೆ ಇಳಿದರು. ಹಾರಿದ್ದು ಹದಿನೇಳು ಗಂಟೆ, ಖರ್ಚಾಗಿದ್ದು ಎರಡು ತಾರೀಕು. ಇದನ್ನು ಹೇಳಿದಾಗ ಅಮ್ಮ ಮೊದಲ ಬಾರಿಗೆ ಗ್ಲೋಬಿನ ಕಡೆ ಸರಿಯಾಗಿ ನೋಡಿದಳು. ಆಮೇಲೆ ದಾರವನ್ನು ಉಂಡೆ ಸುತ್ತಿ ಡಬ್ಬಿಗೆ ಹಾಕಿದಳು.

ಹೊರಟಿದ್ದು ಡಿಸೆಂಬರಿನ ಒಂದು ಶನಿವಾರ. ಬಸವನಗುಡಿಯಿಂದ ಹೆಬ್ಬಾಳ ದಾಟುವಷ್ಟರಲ್ಲಿ ಒಂದೂವರೆ ಗಂಟೆ. ಅಷ್ಟು ಹೊತ್ತಿಗೆ ವಿಮಾನವಾದರೆ ನಾಗಪುರ ದಾಟಿರುತ್ತದೆ! ಅಮ್ಮ ಮಡಿಲಲ್ಲಿ ಕೋಡುಬಳೆ ಡಬ್ಬಿ ಇಟ್ಟುಕೊಂಡು, "ಅಮೆರಿಕಾ ಹತ್ತಿರವೇ ಇದೆ, ಈ ದೇವನಹಳ್ಳಿಯೇ ದೂರ" ಅಂದಳು.

ವಿಮಾನ ಬಿಟ್ಟಿದ್ದು ಮಧ್ಯಾಹ್ನ ಎರಡಕ್ಕೆ. ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಹಾಗಾಗಿ ಹದಿನಾರೂವರೆ ಗಂಟೆ ಹಾರಿಯೂ ಅವಳು ಇಳಿದದ್ದು ಅದೇ ದಿನ ಸಂಜೆ ಐದಕ್ಕೆ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಅಕ್ಕನ ಫೋನಿನಿಂದ ಅಮ್ಮನ ದನಿ ಬಂತು. ಸುಖವಾಗಿ ತಲುಪಿದೆ ಅನ್ನುವುದಕ್ಕೂ ಮೊದಲು ಜಗಳ.

"ವಾಚಲ್ಲಿ ಹನ್ನೆರಡು ಹೊಡೀತು, ಶನಿವಾರದ ಒಪ್ಪತ್ತು ಮುಗೀತು ಅಂತ ಕೊಟ್ಟ ಅನ್ನ ಪೂರ್ತಿ ಉಂಡೆ ಕಣೋ. ಇಲ್ಲಿ ಇಳಿದರೆ ಇನ್ನೂ ಶನಿವಾರ!"