ಶ್ರೀರಾಮುಲು ಹೆಸರೂ ಇರಬೇಕಿತ್ತು
1950ರಿಂದ 56ರವರೆಗೆ ನಮ್ಮ ದೇಶದಲ್ಲಿ ಹುಟ್ಟಿದ, ತೀರಿಕೊಂಡ ದೊಡ್ಡವರ ಬಗ್ಗೆ ಬರೆದಿದ್ದೀರಿ, ಖುಷಿಯಾಯಿತು. ವಿಷ್ಣುವರ್ಧನ್, ರಜನಿಕಾಂತ್ ಇಬ್ಬರೂ 1950ರಲ್ಲೇ ಹುಟ್ಟಿದ್ದು ಅಂತ ಅಮ್ಮನಿಗೂ ಓದಿ ಹೇಳಿದೆ. ಆದರೆ ಪೊಟ್ಟಿ ಶ್ರೀರಾಮುಲು ಹೆಸರೇ ಬಿಟ್ಟುಹೋಗಿದೆ ಅಲ್ವಾ? ಆಂಧ್ರ ರಾಜ್ಯ ಬೇಕು ಅಂತ ಮದ್ರಾಸಿನಲ್ಲಿ 58 ದಿನ ಉಪವಾಸ ಮಾಡಿ, 1952ರ ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ಎರಡು ವರ್ಷ ಮೊದಲು ಸರ್ದಾರ್ ಪಟೇಲರು ತೀರಿಕೊಂಡಿದ್ದೂ ಇದೇ ದಿನ. ಶ್ರೀರಾಮುಲು ಸಾವಿನ ನಂತರವೇ ಸರ್ಕಾರ ಒಪ್ಪಿದ್ದು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾಯಿತು. ಅದೇ ದಿನ ನಮ್ಮ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮಾತ್ರ ಆಂಧ್ರಕ್ಕೆ ಹೋದವು. ನಮ್ಮ ನೆಂಟರು ಈಗಲೂ ಅಲ್ಲಿದ್ದಾರೆ. ದಯವಿಟ್ಟು ಶ್ರೀರಾಮುಲು ಅವರ ಹೆಸರನ್ನೂ ಸೇರಿಸಿ.