ಕೈ ಸೋತರೆ ಬಳೆ ಬದಲಿಸ್ತಾರಾ?

ಇವತ್ತು ಸಂಜೆ ಶಿವಮೊಗ್ಗದ ಒಂದು ಕಾರ್ ಆಕ್ಸೆಸರಿ ಅಂಗಡಿಯಲ್ಲಿ ಕರೆಯದೆ ಬಾಯಿ ಹಾಕಿ ಬಂದಿದ್ದೇನೆ. ಇನ್ನೂ ಸಿಟ್ಟು ಇಳಿದಿಲ್ಲ. ಅದಕ್ಕೇ ಈ ಪೋಸ್ಟು.

ನಾನು ಹೋಗಿದ್ದು ಹೆಡ್‌ಲೈಟ್ ಬಲ್ಬ್ ತರೋಕೆ. ನನಗಿಂತ ಮುಂಚೆ ಒಬ್ಬರು ಹಿರಿಯರು ನಿಂತಿದ್ದರು. ಹೊರಗೆ ಅವರ ಹಳೇ ಸ್ಯಾಂಟ್ರೋ. "ಹೋದ ತಿಂಗಳು ಇಲ್ಲೇ ವೈಪರ್ ಬ್ಲೇಡ್ ಹಾಕಿಸಿದ್ದೆನಪ್ಪ, ಮತ್ತೆ ಗಾಜಿನ ಮೇಲೆ ನೀರು ಬಿಟ್ಟುಕೊಂಡು ಹೋಗುತ್ತೆ" ಅಂದರು. ಅಂಗಡಿ ಹುಡುಗ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಯಿಂದ ಒಂದು ಪ್ಯಾಕೆಟ್ ತೆಗೆದು ಕೌಂಟರ್ ಮೇಲಿಟ್ಟ. "ಅದು ಲೋಕಲ್ ಸಾರ್. ಇದು ಹಾಕ್ಸಿ, ಒಂಬೈನೂರು. ಎರಡು ವರ್ಷ ತಲೆನೋವಿಲ್ಲ."

ಅವರು ಪರ್ಸ್ ತೆಗೆದರು. ನನಗೆ ತಡೆಯೋಕೆ ಆಗಲಿಲ್ಲ.

ನನ್ನ ಕಥೆಯೂ ಇದೇ. ಅಪ್ಪನ 2003ರ ಬಿಳಿ ಮಾರುತಿ 800. ಕಂಪನಿಯವರು ಅದನ್ನು ಮಾಡೋದು 2014ರಲ್ಲಿ ನಿಲ್ಲಿಸಿದರು, ನಾನು ಓಡಿಸೋದು ಇನ್ನೂ ನಿಲ್ಲಿಸಿಲ್ಲ. ಹೋದ ಮಳೆಗಾಲ ಒಂದರಲ್ಲೇ ಅದಕ್ಕೆ ಮೂರು ಜೊತೆ ವೈಪರ್ ಬ್ಲೇಡ್ ಹಾಕಿಸಿದ್ದೆ. ಮೂರು ಅಂಗಡಿ, ಮೂರು ಬ್ರ್ಯಾಂಡು. ಒಂದೊಂದು ಸಲವೂ ನಾಲ್ಕು ದಿನ ಚೆಂದ, ಐದನೇ ದಿನ ಅದೇ ರಾಗ. ಡ್ರೈವರ್ ಕಡೆ ಗಾಜಿನಲ್ಲಿ, ಸರಿಯಾಗಿ ಕಣ್ಣಿನ ನೇರಕ್ಕೆ, ಒಂದು ಅಂಗೈ ಅಗಲದ ಪಟ್ಟಿ ಒರೆಸದೇ ಉಳಿದುಬಿಡುತ್ತಿತ್ತು. ಮೂರೂ ಅಂಗಡಿಯಲ್ಲಿ ಒಬ್ಬನಾದರೂ ಆ ರಬ್ಬರನ್ನು ಹಿಡಿದಿರುವ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿ ನೋಡಲಿಲ್ಲ.

ಮನೆಯಲ್ಲಿ ನೆಲದ ನೀರು ತಳ್ಳುವ ವೈಪರ್ ಇರುತ್ತಲ್ಲ? ಅದನ್ನು ಸುಮ್ನೆ ನೆಲದ ಮೇಲೆ ಆಡಿಸಿದರೆ ನೀರು ಹೋಗುತ್ತಾ? ಒತ್ತಬೇಕು. ಕಾರಿನಲ್ಲಿ ಒತ್ತುವ ಕೆಲಸ ರಬ್ಬರಿನದಲ್ಲ, ಕಡ್ಡಿಯ ಬುಡದಲ್ಲಿ ಅಡಗಿ ಕೂತಿರುವ ಸ್ಪ್ರಿಂಗಿನದು. ಇಪ್ಪತ್ತು ವರ್ಷ ಎಳೆದು ಎಳೆದು ಅದು ಸೋತಿರುತ್ತೆ. ಕೀಲಿನಲ್ಲಿ ತುಕ್ಕು ಹಿಡಿದಿರುತ್ತೆ. ಕೈ ಸೋತವಳಿಗೆ ಹೊಸ ಬಳೆ ತೊಡಿಸಿ "ಈಗ ನೀರು ಸೇದಮ್ಮ" ಅಂದಂಗೆ ಇವರ ರಿಪೇರಿ.

ಇದನ್ನು ನನಗೆ ಹೇಳಿಕೊಟ್ಟಿದ್ದು ಮೆಕ್ಯಾನಿಕ್ ಅಲ್ಲ, ಆಗುಂಬೆಯಲ್ಲಿ ಸಿಕ್ಕಿದ ಒಬ್ಬ ಮಿನಿ ಬಸ್ ಡ್ರೈವರ್. ಜುಲೈ ತಿಂಗಳು, ತಂಗಿಯ ಮಗುವಿನ ನಾಮಕರಣಕ್ಕೆ ಹೆಬ್ರಿಗೆ ಹೊರಟಿದ್ದೆ. ತೀರ್ಥಹಳ್ಳಿ ದಾಟುವಾಗಲೇ ಮಳೆ. ಆಗುಂಬೆ ಮುಟ್ಟುವ ಹೊತ್ತಿಗೆ ಮಳೆಯ ಜೊತೆ ಮಂಜು. ಕಣ್ಣೆದುರಿನ ಪಟ್ಟಿಯಲ್ಲಿ ಏನೂ ಕಾಣಲ್ಲ ಅಂತ ಎಡಕ್ಕೆ ವಾಲಿಕೊಂಡು, ಪಕ್ಕದ ಸೀಟಿನವರ ಗಾಜಿನಿಂದ ರಸ್ತೆ ನೋಡುತ್ತಾ ಓಡಿಸಿದ್ದೆ. ನಗಬೇಡಿ. ಘಾಟಿ ಇಳಿಯೋಕೆ ಧೈರ್ಯ ಬರದೆ ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದೆ. ಟೀ ಕುಡಿಯುತ್ತಿದ್ದ ಆ ಮನುಷ್ಯ ತಾನಾಗೇ ಬಂದು ವೈಪರ್ ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಟಪ್ ಅಂತ ಗಾಜಿಗೆ ಬೀಳಬೇಕಾದದ್ದು ನಿಧಾನಕ್ಕೆ, ನಿದ್ದೆಗಣ್ಣಲ್ಲಿ ಮಲಗಿದಂಗೆ ಮಲಗಿತು.

"ರಬ್ಬರ್ ಹೊಸತೇ ಉಂಟಲ್ಲ ಅಕ್ಕಾ. ಇದಕ್ಕೆ ಟೆನ್ಶನೇ ಇಲ್ಲ ಮಾರಾಯ್ರೆ."

ನನ್ನ ಹತ್ತಿರ ಜಾಸ್ತಿ ಇದೆ, ಸ್ವಲ್ಪ ಕೊಡಲಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ, ಗಂಟಲು ಒಣಗಿತ್ತು. ಅವರು ಎರಡು ಬೀಡಿ ಬಿಚ್ಚಿ, ಒಳಗಿನ ಹೊಗೆಸೊಪ್ಪನ್ನು ಒದ್ದೆ ಗಾಜಿನ ಮೇಲೆ ಚೆನ್ನಾಗಿ ಉಜ್ಜಿದರು. ಹನಿ ಹನಿಯಾಗಿ ನಿಲ್ಲುತ್ತಿದ್ದ ನೀರು ತೆಳ್ಳಗೆ ಹಾಳೆಯಂತೆ ಹರಿದು ಇಳಿಯಿತು. "ಕೆಳಗೆ ಮುಟ್ಟುವವರೆಗೆ ಸಾಕು. ನನ್ನ ಹಿಂದೆಯೇ ಬನ್ನಿ" ಅಂದರು. ಹದಿನಾಲ್ಕು ತಿರುವನ್ನೂ ಆ ಬಸ್ಸಿನ ಹಿಂದಿನ ಕೆಂಪು ದೀಪ ನೋಡಿಕೊಂಡೇ ಇಳಿದೆ. ಘಾಟಿಯ ಬುಡದ ಸೋಮೇಶ್ವರದಲ್ಲಿ ನಿಲ್ಲಿಸಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಹತ್ತು ನಿಮಿಷ ಕೂತಿದ್ದೆ. ತಂಗಿಗೆ ಇದುವರೆಗೂ ಹೇಳಿಲ್ಲ. ಈಗ ಓದಿ ಫೋನ್ ಮಾಡುತ್ತಾಳೆ.

ವಾಪಸ್ ಬಂದ ಮೇಲೆ ಹಠಕ್ಕೆ ಬಿದ್ದೆ. ಓದಿ ತಿಳಿದ ಲೆಕ್ಕ ಇದು: ಬ್ಲೇಡಿನ ಒಂದು ಇಂಚಿಗೆ ಸುಮಾರು 28 ಗ್ರಾಂ, ಹಳೇ ಅಳತೆಯ ಒಂದು ಔನ್ಸ್, ಒತ್ತಡ ಇರಬೇಕು. ಅಂದರೆ 16 ಇಂಚಿನ ಬ್ಲೇಡಿಗೆ 450 ಗ್ರಾಂ ಹತ್ತಿರ. ಅಳೆಯೋದು ಹೇಗೆ? ವಿಮಾನಕ್ಕೆ ಮುಂಚೆ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇದೆಯಲ್ಲ, ಅದೇ. ಬ್ಲೇಡ್ ಸಿಕ್ಕಿಸುವ ಜಾಗಕ್ಕೆ ಕೊಕ್ಕೆ ಹಾಕಿ ಗಾಜಿನಿಂದ ನೇರ ಹೊರಗೆ ಎಳೆಯಬೇಕು, ರಬ್ಬರ್ ಗಾಜು ಬಿಡುವ ಕ್ಷಣಕ್ಕೆ ಓದಬೇಕು. ಪಕ್ಕದ ಸೀಟಿನ ಕಡೆಯದು 410 ತೋರಿಸಿತು. ನನ್ನ ಕಡೆಯದು 230. ಅರ್ಧ ಜೀವ.

ಈಗ ತಪ್ಪೊಪ್ಪಿಗೆ. ಮೂರನೇ ಜೊತೆ ಕೊಳ್ಳುವಾಗ "ಉದ್ದ ಇದ್ದರೆ ಜಾಸ್ತಿ ಒರೆಸುತ್ತೆ" ಅಂತ ನನ್ನ ಕಡೆಗೆ ಎರಡು ಇಂಚು ಉದ್ದದ ಬ್ಲೇಡ್ ಕೇಳಿ ಹಾಕಿಸಿಕೊಂಡವಳು ನಾನೇ. ಇರುವ ಅರ್ಧ ಒತ್ತಡವೂ ಇನ್ನಷ್ಟು ಉದ್ದಕ್ಕೆ ಹಂಚಿಹೋಯಿತು. ಅಂಗಡಿಯವರನ್ನು ಬೈಯುವಾಗ ಈ ವಿಷಯ ಬೇಕಂತಲೇ ಬಿಡುತ್ತಿದ್ದೆ. ಇವತ್ತು ಹೇಳಿಬಿಟ್ಟೆ, ಹಗುರಾಯಿತು.

ರಿಪೇರಿ ಒಂದು ಭಾನುವಾರದ ಕೆಲಸ. ಮೊದಲು ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಎತ್ತಿದ ಕಡ್ಡಿ ಕೈ ಜಾರಿ ಬಡಿದರೆ ಗಾಜೇ ಬಿರುಕು ಬಿಡುತ್ತೆ, ಆಮೇಲೆ ಒಂಬೈನೂರಿನ ಮಾತೇ ಇಲ್ಲ. ವೈಪರ್ ನಿಂತಿರುವ ಜಾಗವನ್ನು ಇನ್ಸುಲೇಷನ್ ಟೇಪಿನಲ್ಲಿ ಗುರುತು ಮಾಡಿಕೊಳ್ಳಿ. ಬುಡದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ನಟ್ಟು. ನಟ್ಟು ಸಲೀಸಾಗಿ ಬಂತು, ಕಡ್ಡಿ ಬರಲಿಲ್ಲ. ಶಾಫ್ಟಿನ ಹಲ್ಲುಗಳಿಗೆ ಕಚ್ಚಿಕೊಂಡಿತ್ತು. "ಅಕ್ಕಾ, ಸುತ್ತಿಗೆ ತರ್ಲಾ?" ಅಂದ ತಮ್ಮ. ಆ ಹಲ್ಲುಗಳ ಕೆಳಗೆ ಮೋಟಾರಿನ ತನಕ ಹೋಗುವ ಲಿಂಕೇಜ್, ಅಂದರೆ ಜೋಡಣೆ ಸರಳು, ಇದೆ ಕಣೋ, ಹೊಡೆದರೆ ಅದಕ್ಕೂ ಪೆಟ್ಟು ಅಂದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಕಾಫಿ ಕುಡಿದು, ಆ ಕಡೆ ಈ ಕಡೆ ಅಲುಗಾಡಿಸುತ್ತಾ ಬಂದರೆ ತಾನಾಗಿ ಎದ್ದು ಬಂತು.

ತಿರುಗಿಸಿ ನೋಡಿದರೆ ಒಳಗೆ ಸ್ಪ್ರಿಂಗು ಗೇರುಬೀಜದ ಬಣ್ಣ. ಕೀಲಿಗೆ ಹೊಲಿಗೆ ಮಿಷನ್ ಎಣ್ಣೆ ನಾಲ್ಕು ಹನಿ ಬಿಟ್ಟು, ಐವತ್ತು ಸಲ ಮಡಚಿ ಬಿಚ್ಚಿದೆ. ವಾಪಸ್ ಹಾಕಿ ತೂಗಿದರೆ 310. ಎಂಬತ್ತು ಗ್ರಾಂ ಬರೀ ತುಕ್ಕೇ ತಿಂದಿತ್ತು!

ಉಳಿದದ್ದು ಸ್ಪ್ರಿಂಗಿನ ಸೋಲು. ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್ ಬೇಕಿತ್ತು, ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಗೆ ಹೋದೆ. ಅವನು ಗ್ಯಾಸ್ ಹಚ್ಚಿಯೇಬಿಟ್ಟ. ಕಿರುಚಿದೆ. ಸ್ಪ್ರಿಂಗ್ ಕಾಯಿಸಿದರೆ ಹದ ಹೋಗುತ್ತೆ, ಆಮೇಲೆ ಅದು ಬರೀ ತಂತಿ. ತಣ್ಣಗಿರುವಾಗಲೇ ಕೊನೆಯ ಒಂದು ಸುತ್ತನ್ನು ಇಕ್ಕಳದಲ್ಲಿ ಎಬ್ಬಿಸಿ ಹೊಸ ಕೊಕ್ಕೆ ಮಾಡಿ, ಹಳೇ ಕೊಕ್ಕೆ ಕತ್ತರಿಸಿದೆವು. ಸ್ಪ್ರಿಂಗ್ ಗಿಡ್ಡ ಆಯಿತು, ಎಳೆತ ಬಿಗಿಯಾಯಿತು. 440. ಅಲ್ಲಿಗೇ ಬಿಟ್ಟೆ. ತಮ್ಮನಿಗೆ 600 ಮಾಡೋ ಆಸೆ. ಅಷ್ಟು ಒತ್ತಿದರೆ ರಬ್ಬರ್ ಬೇಗ ಸವೆಯುತ್ತೆ, ಮೋಟಾರ್ ಏದುಸಿರು ಬಿಡುತ್ತೆ. ಆಮೇಲೆ ಸರಿ ಅಳತೆಯ ಬ್ಲೇಡ್ ಹಾಕಿದೆ. ಪಟ್ಟಿ ಮಾಯ.

ಕೆಲವರು ಹೇಳುತ್ತಾರೆ, ತಪ್ಪು ಗಾಜಿನ ಮೇಲಿನ ಜಿಡ್ಡಿನದು ಅಂತ. ಇರಬಹುದು. ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ ನೋಡಿ, ಎರಡು ನಿಮಿಷದ ಕೆಲಸ. ನಾನು ಉಜ್ಜಿದ್ದೆ, ಗಾಜು ಲಕಲಕ ಅಂದಿತು, ಪಟ್ಟಿ ಇದ್ದಲ್ಲೇ ಇತ್ತು. ತಮ್ಮನದು ಬೇರೆಯೇ ವಾದ: "ಮಾರಿಬಿಡು, ಹೊಸ ಕಾರಲ್ಲಿ ಮಳೆ ಬಂದರೆ ತಾನೇ ಒರೆಸುತ್ತೆ." ಒರೆಸಲಿ. ಅದರ ಕಡ್ಡಿಯ ಬುಡದಲ್ಲೂ ಒಂದು ಸ್ಪ್ರಿಂಗ್ ಇರುತ್ತೆ, ಅದಕ್ಕೂ ವಯಸ್ಸಾಗುತ್ತೆ. ಆಗ ನನ್ನ ತಕ್ಕಡಿ ಕೇಳಿಕೊಂಡು ಬಾ, ಕೊಡ್ತೀನಿ.

ಸರಿ, ಅಂಗಡಿಗೆ ವಾಪಸ್. "ಮೊದಲು ಕಡ್ಡಿ ಎತ್ತಿ ನೋಡಪ್ಪ" ಅಂದೆ. ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ಇದು ಟೆಕ್ನಿಕಲ್ ವಿಷ್ಯ" ಅಂದ.

ಟೆಕ್ನಿಕಲ್! 1903ರಲ್ಲಿ ಅಮೆರಿಕದಲ್ಲಿ ವೈಪರಿಗೆ ಪೇಟೆಂಟ್ ಪಡೆದದ್ದು ಮೇರಿ ಆ್ಯಂಡರ್ಸನ್ ಅನ್ನೋ ಹೆಂಗಸು ಕಣಪ್ಪ. ಒಳಗೆ ಕೂತು ಕೈಯಲ್ಲಿ ಆಡಿಸುವ ಹಿಡಿ, ಹೊರಗೆ ರಬ್ಬರ್. ಆ ರಬ್ಬರ್ ಗಾಜು ಬಿಡದಂತೆ ಏನು ಮಾಡಬೇಕು ಅಂತ ಆಕೆ ಅವತ್ತೇ ಯೋಚಿಸಿದ್ದಳು. ನೂರಿಪ್ಪತ್ತು ವರ್ಷ ಆದ ಮೇಲೂ ನೀನು ಗೋಡೆಯ ಪ್ಯಾಕೆಟ್ಟನ್ನೇ ನೋಡ್ತಿದೀಯ! ಇಷ್ಟನ್ನೂ ಜೋರಾಗೇ ಹೇಳಿದೆ. ಬಲ್ಬಿನ ಡಿಸ್ಕೌಂಟು ಅಲ್ಲಿಗೇ ಹೋಯಿತು.

ಹಿರಿಯರು ಪರ್ಸ್ ಒಳಗಿಟ್ಟು ನನ್ನ ಜೊತೆ ಹೊರಗೆ ಬಂದರು. ಅವರೇ ಕಡ್ಡಿ ಎತ್ತಿ ಬಿಟ್ಟರು. ಅದೇ ನಿದ್ದೆಗಣ್ಣು. ಬಾಟಲಿಯ ನೀರು ಗಾಜಿಗೆ ಸುರಿದು, ವೈಪರ್ ಆನ್ ಮಾಡಿಸಿ, ಓಡುತ್ತಿರುವ ಕಡ್ಡಿಯನ್ನು ಬೆರಳಲ್ಲಿ ಮೆತ್ತಗೆ ಒತ್ತಿ ಹಿಡಿದು ತೋರಿಸಿದೆ. ಅದೇ ಹಳೇ ಬ್ಲೇಡು, ಒಂದು ಗೆರೆ ಉಳಿಯದಂತೆ ಒರೆಸಿತು. ಅವರು ಸ್ವಲ್ಪ ಹೊತ್ತು ಗಾಜನ್ನೇ ನೋಡಿ, "ನಿಮ್ಮ ಗ್ಯಾರೇಜ್ ಎಲ್ಲಿ ಬರುತ್ತಮ್ಮಾ?" ಅಂದರು.

"ಇಲ್ಲ ಸಾರ್, ನಾನು ಹೈಸ್ಕೂಲಲ್ಲಿ ಕನ್ನಡ ಟೀಚರ್."

ಭಾನುವಾರ ಬೆಳಿಗ್ಗೆ ಸ್ಯಾಂಟ್ರೋ ನಮ್ಮ ಮನೆಗೆ ಬರಲಿದೆ. ಹಾಂ, ನನ್ನ ಎಡಗಡೆಯ ಕಡ್ಡಿ ಈಗ 380ಕ್ಕೆ ಇಳಿದಿದೆ. ಅದರ ಕೊಕ್ಕೆ ಅರ್ಧ ಸವೆದಿದೆ, ಈ ಉಪಾಯಕ್ಕೆ ತಡೆಯಲ್ಲ. ಯಾರ ಹಿತ್ತಲಲ್ಲಾದರೂ, ಗುಜರಿಯಲ್ಲಾದರೂ ಮಾರುತಿ 800ರ ಎಡಗಡೆ ಕಡ್ಡಿ ಬಿದ್ದಿದ್ದರೆ ಮೆಸೇಜ್ ಹಾಕಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಮಿಷನ್ ಎಣ್ಣೆ ಇನ್ನೂ ಅರ್ಧ ಬಾಟಲಿ ಇದೆ.