ಹೆಬ್ಬೆರಳು ತೊಳೆದುಕೊಂಡು ಬನ್ನಿ

ಕಲಬುರಗಿಯ ಖಾಸಗಿ ಕಲಾ ಶಾಲೆಯೊಂದರಲ್ಲಿ ಅರೆಕಾಲಿಕ ಬೋಧಕನಾಗಿರುವ ನನಗೆ ಇತ್ತೀಚೆಗೆ ತಿಳಿದ ಸಂಗತಿ: ಈ ಕೆಲಸಕ್ಕೆ ಚಿತ್ರ ಬಿಡಿಸಲು ಬರಬೇಕೆಂದೇನಿಲ್ಲ, ಹೆಬ್ಬೆರಳು ಶುಭ್ರವಾಗಿದ್ದರೆ ಸಾಕು. ಕಚೇರಿಯ ಬಾಗಿಲಿಗೆ ಬಯೋಮೆಟ್ರಿಕ್ ಯಂತ್ರ ಬಂದಿದೆ. ತರಗತಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಒತ್ತಬೇಕು. ಮೊದಲಿನದನ್ನು ಅದು ಒಪ್ಪುತ್ತದೆ. ಎರಡನೆಯ ಸಲಕ್ಕೆ ಬೆರಳಿನ ಗೆರೆಗಳಲ್ಲಿ ಜೇಡಿಮಣ್ಣು ಕೂತಿರುತ್ತದೆ, ಇಲ್ಲವೇ ಅಗಸೆ ಎಣ್ಣೆ ಮೆತ್ತಿರುತ್ತದೆ. ಕೆಂಪು ದೀಪ ಉರಿಯುತ್ತದೆ. ಹೊರಗೆ ಹೋದ ದಾಖಲೆ ಇಲ್ಲದವನು ಒಳಗೆ ಬಂದೇ ಇಲ್ಲ ಎಂಬುದು ನಮ್ಮ ಲೆಕ್ಕಪತ್ರ ವಿಭಾಗದ ವೇದಾಂತ. ಹೀಗಾಗಿ ಕೈಗೆ ಕೆಸರು ಮಾಡಿಕೊಂಡು ಕಲಿಸಿದವನಿಗೆ ಕಡಿತ, ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಿದವನಿಗೆ ಪೂರ್ತಿ ಸಂಬಳ.

ಬೀದರಿನಿಂದ ವಾರಕ್ಕೊಮ್ಮೆ ಬಂದು ಬಿದರಿ ಕಲಿಸುವ ಹಿರಿಯರೊಬ್ಬರಿದ್ದಾರೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿ ಹಿಡಿದು ಬಳ್ಳಿ ಕೊರೆದು, ಆ ಗೀರಿಗೆ ಬೆಳ್ಳಿಯ ತಂತಿ ಕೂರಿಸಿ ಕೂರಿಸಿ ಅವರ ಹೆಬ್ಬೆರಳಿನ ಗೆರೆಗಳೇ ಸವೆದಿವೆ. ಯಂತ್ರದ ಮಟ್ಟಿಗೆ ಅವರು ಹುಟ್ಟಿಯೇ ಇಲ್ಲ. ಬಿದರಿಗೆ 2006ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬಿದರಿಯವರದು ಇನ್ನೂ ಪರಿಶೀಲನೆಯಲ್ಲಿದೆ. ಕಾಲೇಜು ಬೋಧಕರ ಅರ್ಹತೆಗೆಂದು ನಡೆಸುವ ನೆಟ್ ಪರೀಕ್ಷೆ ಬರೆಯದ ಕಾರಣ ಅವರ ಹುದ್ದೆ ‘ಪ್ರಾತ್ಯಕ್ಷಿಕೆ ಸಹಾಯಕ’. ಬಿದರಿಯ ಕುರಿತ ಪ್ರಶ್ನೆಗೆ ನಾಲ್ಕರಲ್ಲೊಂದು ಉತ್ತರಕ್ಕೆ ಗುರುತು ಹಾಕಿ ಪಾಸಾದವರಿಗೆ ಗಂಟೆಗೆ ಹೆಚ್ಚು ದರ.

ಗಂಟೆ ಎಂದೆನಲ್ಲ, ಅದೂ ಒಂದು ಕಥೆ. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು. ‘ಬಣ್ಣ ಒಣಗುವುದಕ್ಕೆಲ್ಲ ಸಂಸ್ಥೆ ದುಡ್ಡು ಕೊಡುವುದಿಲ್ಲ, ಮೇ ತಿಂಗಳಲ್ಲಿ ಕಲಿಸಿ, ಬೇಗ ಒಣಗುತ್ತದೆ’ ಎಂದರು ವ್ಯವಸ್ಥಾಪಕರು. ನಮ್ಮೂರಿನ ಮೇ ಬಿಸಿಲಿಗೆ ಜಲವರ್ಣವಂತೂ ಕಾಗದ ಮುಟ್ಟುವ ಮೊದಲೇ ಒಣಗೀತು, ನಿಜ. ಆದರೆ ಮೇ ತಿಂಗಳು ರಜೆ, ರಜೆಗೆ ಸಂಬಳವಿಲ್ಲ.

ವಾರ್ಷಿಕೋತ್ಸವದಲ್ಲಿ ಮಾತ್ರ ಕಲಾವಿದರಿಗೆ ಬರವಿಲ್ಲ. 1916ರಲ್ಲಿ ಇಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ಹೆಸರೆತ್ತದೆ ಅಧ್ಯಕ್ಷರ ಭಾಷಣ ಮುಗಿಯುವುದಿಲ್ಲ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದು ಬದುಕು ಕಟ್ಟಿಕೊಂಡರು ಎಂಬ ಸಾಲನ್ನು ಅವರು ಯಾಕೋ ಪ್ರತಿಸಲವೂ ನುಂಗುತ್ತಾರೆ.

ಮೊನ್ನೆ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬಂತು. ಅಂದು ನಾವೆಲ್ಲ ಕಾಯಂ ಸಹಾಯಕ ಪ್ರಾಧ್ಯಾಪಕರು. ಕೊರಳಿಗೆ ಹೊಸ ಗುರುತಿನ ಚೀಟಿ, ಹಾಜರಿ ಪುಸ್ತಕದಲ್ಲಿ ಇಡೀ ವರ್ಷದ ಸಹಿ, ಎಲ್ಲವೂ ಒಂದೇ ಪೆನ್ನಿನದು. ಯಂತ್ರದ ಮುಂದೆ ಹೂಕುಂಡ ಇಟ್ಟಿದ್ದರು. ಸಮಿತಿಯವರಿಗೆ ಶಾಲು, ಹಾರ, ಕೊನೆಗೆ ತಲಾ ಒಂದು ಬಿದರಿ ಹೂದಾನಿ. ಮಾಡಿದ ಹಿರಿಯರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅಂದು ತರಗತಿ ಇಲ್ಲದ್ದರಿಂದ ಅವರಿಗೆ ಸಂಬಳವೂ ಇರಲಿಲ್ಲ. ಸಮಿತಿಯ ಹಿರಿಯ ಸದಸ್ಯರು ಹೂದಾನಿಯನ್ನು ಬೆಳಕಿಗೆ ಹಿಡಿದು, ‘ಎಂಥ ಕೈಚಳಕ! ಯಾರು ಮಾಡಿದ್ದು?’ ಎಂದು ಕೇಳಿದರು.

‘ನಮ್ಮ ಆಡಳಿತ ಮಂಡಳಿ’ ಎಂದರು ವ್ಯವಸ್ಥಾಪಕರು.